ಇಟ್ಟಿಗೆ ಗುಂಡಿಯ ಮೇಲೆ ಸ್ಟಾಕ್ಲಿ ಪಾರ್ಕ್

ಮಾನ್ಯ ಸಂಪಾದಕರೇ,

ಕಸ ತುಂಬಿದ ಹಳೆಯ ಇಟ್ಟಿಗೆ ಗುಂಡಿಗಳ ಮೇಲೆ ಒಂದಿಷ್ಟು ಮಣ್ಣು ಹರಡಿ ಕಟ್ಟಡ ಎಬ್ಬಿಸಬಹುದು ಎಂದುಕೊಂಡವರು ಲಂಡನ್ನಿನ ಹೀಥ್ರೂ ವಿಮಾನ ನಿಲ್ದಾಣದ ಬಳಿಯ ಕಚೇರಿಗಳ ಸಮುಚ್ಚಯ ಸ್ಟಾಕ್ಲಿ ಪಾರ್ಕ್‌ನ ಚರಿತ್ರೆ ನೋಡಬೇಕು.

19ನೇ ಶತಮಾನದಲ್ಲಿ ಅಲ್ಲಿ ಮಣ್ಣು ಅಗೆದು ಇಟ್ಟಿಗೆ ಸುಡುತ್ತಿದ್ದರು. ಕಾಲುವೆಯ ದೋಣಿಗಳು ಇಟ್ಟಿಗೆಯನ್ನು ನಗರಕ್ಕೆ ಒಯ್ದು, ಮರಳುವಾಗ ಮನೆಮನೆಯ ಒಲೆಯ ಬೂದಿ, ಕಸ ತರುತ್ತಿದ್ದವು. ಜರಡಿ ಹಿಡಿದ ಬೂದಿಯನ್ನು ಹಸಿಮಣ್ಣಿಗೆ ಕಲಸುತ್ತಿದ್ದರು. ಅದರಲ್ಲಿ ಉಳಿದ ಕಲ್ಲಿದ್ದಲಿನ ಚೂರು ಇಟ್ಟಿಗೆಯನ್ನು ಒಳಗಿನಿಂದಲೇ ಬೇಯಿಸುತ್ತಿತ್ತು. ಎಂಥ ಜಾಣತನ!

ಆಮೇಲೆ ಗುಂಡಿಗಳಿಗೆ ಕಸ ಬಿತ್ತು. ಕೊಳೆಯುವ ಕಸದಿಂದ ಹೊತ್ತಿಕೊಳ್ಳಬಲ್ಲ ಮೀಥೇನ್ ಅನಿಲ ಹೊರಡುತ್ತದೆ. ನೆಲ ಅಲ್ಲಲ್ಲಿ ಹೆಚ್ಚುಕಡಿಮೆ ಕುಸಿದು ತಳಪಾಯ ಬಿರಿಯುತ್ತದೆ. ಹಾಗಾಗಿ 1980ರ ದಶಕದಲ್ಲಿ ಕಸವನ್ನು ಅಗೆದು ಅದೇ ಜಾಗದ ಉತ್ತರ ಭಾಗಕ್ಕೆ ಸಾಗಿಸಿ, ಅದರ ಮೇಲೆ ಗಾಲ್ಫ್ ಮೈದಾನ ಮಾಡಿದರು. ಕಚೇರಿಗಳ ಜಾಗಕ್ಕೆ ಗಟ್ಟಿ ಜಲ್ಲಿ ತುಂಬಿದರು.

– ಓದುಗ, ಬೆಂಗಳೂರು