ಮುಗೀತು ಆಯಿ

ಮೊನ್ನೆ ಪಿಎಚ್‌ಡಿ ವೈವಾ ಮುಗೀತು. ಏಳು ವರ್ಷ ಹಿಡಿಯಿತು. ಶಿರಸಿ ಸೀಮೆಯ ಮದುವೆಮನೆಗಳಲ್ಲಿ ಬಡಿಸುತ್ತಾ ಬಡಿಸುತ್ತಾ "ಕೂಸಿನ ಓದು ಇನ್ನೂ ಮುಗದ್ದಿಲ್ಯ?" ಎಂದು ಆಯಿಯನ್ನು ಕೇಳುತ್ತಿದ್ದವರಿಗೆಲ್ಲ ಈಗ ಅವಳು ಉತ್ತರ ಕೊಡಬಹುದು.

ನನ್ನ ವಿಷಯ ಮಸ್ಕರಿನಿಕ್ ಗ್ರಾಹಕಗಳು. ನರಗಳು ಸಂದೇಶ ದಾಟಿಸಲು ಬಿಡುವ ಅಸಿಟೈಲ್‌ಕೋಲಿನ್ ಅನ್ನು ಹಿಡಿದುಕೊಳ್ಳುವ ಪ್ರೋಟೀನುಗಳಿವು. ಹೆಸರು ಬಂದದ್ದು ಕೆಂಪು ಟೋಪಿಯ ಒಂದು ಅಣಬೆಯ ವಿಷದಿಂದ. ಎಂ1ರಿಂದ ಎಂ5ರವರೆಗೆ ಐದು ವಿಧ. ಎದೆಬಡಿತ ನಿಧಾನ ಮಾಡುವುದು ಎಂ2, ಜೊಲ್ಲು ಸುರಿಸುವುದರಲ್ಲಿ ಎಂ3ರದೇ ದೊಡ್ಡ ಪಾಲು. ಯಾವುದು ಎಲ್ಲಿದೆ ಎಂದು ನಕ್ಷೆ ಹಾಕುವುದು ನನ್ನ ಕೆಲಸ.

ಎಲೆ ಅಡಿಕೆಯ ಕವಳ ಹಾಕುತ್ತಾ ಕೂತಿದ್ದ ಆಯಿಗೆ ಇದನ್ನು ಒಮ್ಮೆ ವಿವರಿಸಿದ್ದೆ. ಅಡಿಕೆಯೊಳಗಿನ ಅರೆಕೋಲಿನ್ ಈ ಗ್ರಾಹಕಗಳ ಮುಂದೆ ಅಸಿಟೈಲ್‌ಕೋಲಿನ್ನಿನ ಹಾಗೆ ನಿಲ್ಲುತ್ತದೆ, ಬಾಯಲ್ಲಿ ನೀರೂರುವುದು ಅದಕ್ಕೇ ಎಂದೆ. "ಹಂಗಾರೆ ಅಡಿಕೆ ಎನ್ನ ಬಾಯಲ್ಲಿ ವೇಷ ಕಟ್ತು ಹೇಳಾತು" ಅಂದಳು. ನನ್ನ ಪ್ರಬಂಧದ ಮೊದಲ ಅಧ್ಯಾಯ ಇಷ್ಟು ಚೆನ್ನಾಗಿಲ್ಲ. (ಅಡಿಕೆ ಕ್ಯಾನ್ಸರ್‌ಕಾರಕ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲೇ ಹೇಳಿದೆ ಎಂದೂ ನಾನು ಸೇರಿಸಿದೆ. ಆ ಮಾತು ಅವಳಿಗೆ ಕೇಳಿಸಲಿಲ್ಲ. ಅಡಿಕೆಯ ದುಡ್ಡಲ್ಲೇ ಓದಿದ ನಾನು ಹೆಚ್ಚು ವಾದಿಸಲೂ ಇಲ್ಲ.)

ಮೂರನೇ ವರ್ಷ ಎಲ್ಲ ಕುಸಿಯಿತು. ಎಂ3ಕ್ಕೆ ಮಾತ್ರ ಅಂಟುತ್ತದೆ ಎಂದು ಸೀಸೆಯ ಮೇಲೆ ಬರೆದಿದ್ದ ಪ್ರತಿಕಾಯ (ಒಂದು ಗೊತ್ತಾದ ಪ್ರೋಟೀನನ್ನು ಹುಡುಕಿ ಅಂಟಿಕೊಳ್ಳುವ ಆಂಟಿಬಾಡಿ) ಬಳಸಿ ಎರಡು ವರ್ಷ ಅಂಗಾಂಶಗಳಿಗೆ ಬಣ್ಣ ಹಚ್ಚಿದ್ದೆ. ಚಿತ್ರಗಳು ಎಷ್ಟು ಚಂದ ಇದ್ದವೆಂದರೆ ಫ್ರೇಮ್ ಹಾಕಿಸುವುದೊಂದು ಬಾಕಿ. ಲ್ಯಾಬಿನ ಹಿರಿಯ ಅಕ್ಕ ಒಬ್ಬರು, "ಎಂ3 ಜೀನೇ ಇಲ್ಲದ ಇಲಿಯ ಅಂಗಾಂಶದ ಮೇಲೆ ಒಂದು ಸಲ ಹಾಕಿ ನೋಡು" ಎಂದರು. ಹಾಕಿದೆ. ಅದೂ ಅಷ್ಟೇ ಚಂದ ಹೊಳೆಯಿತು. ಇಲ್ಲದ್ದನ್ನು ಅದು ತೋರಿಸುತ್ತಿತ್ತು. ಮಸ್ಕರಿನಿಕ್ ಪ್ರತಿಕಾಯಗಳಲ್ಲಿ ಹೆಚ್ಚಿನವು ಹೀಗೇ ಕೈಕೊಡುತ್ತವೆ ಎಂದು 2009ರಲ್ಲೇ ಅಚ್ಚಾಗಿತ್ತು. ಆ ಲೇಖನ ನಾನು ಓದಿದ್ದೆ, ಗೆರೆ ಕೂಡ ಎಳೆದಿದ್ದೆ. ಅಕ್ಕಾ, ಅವತ್ತು ನಿಮ್ಮ ಮೇಲೆ ಸಿಟ್ಟು ಬಂದಿತ್ತು. ಈಗ ಕೈ ಮುಗಿಯುತ್ತೇನೆ.

ಊರಿಗೆ ಓಡಿಬಂದೆ. ಅಡಿಕೆ ಸುಲಿಯುವ ಸಮಯ. ಮೂರು ವಾರ ಮನೆಯ ಹೊಳ್ಳಿಯಲ್ಲಿ ಮೆಟ್ಟುಗತ್ತಿ ಹಾಕಿಕೊಂಡು ನನ್ನ ಪಕ್ಕ ಕೂತ ಹೆಂಗಸರಲ್ಲಿ ಒಬ್ಬರೂ ಯಾಕೆ ಬಂದೆ ಎಂದು ಕೇಳಲಿಲ್ಲ. ನಾನು ಒಂದು ಡಬ್ಬ ತುಂಬುವಷ್ಟರಲ್ಲಿ ಅವರದು ನಾಲ್ಕಾಗುತ್ತಿತ್ತು. ನನ್ನ ಅರೆಬರೆ ಸುಲಿದ ಅಡಿಕೆಯನ್ನು ಸದ್ದಿಲ್ಲದೆ ಎತ್ತಿ ಸರಿಮಾಡಿ ಹಾಕುತ್ತಿದ್ದ ಆ ಕೈಗಳಿಗೆ ನಾನು ಋಣಿ.

ವಾಪಸ್ ಹೋಗಿ ಹಳೇ ದಾರಿ ಹಿಡಿದೆ. ಈ ಗ್ರಾಹಕಗಳಿಗೆ ಅಂಟುವ ಮಿಥೈಲ್ ಸ್ಕೋಪೊಲಮಿನ್ ಎಂಬ ಔಷಧಕ್ಕೆ ವಿಕಿರಣ ಸೂಸುವ ಟ್ರಿಟಿಯಂ ಸೇರಿಸಿ, ಅದರಲ್ಲಿ ಅಂಗಾಂಶದ ತೆಳು ಬಿಲ್ಲೆಗಳನ್ನು ನೆನೆಸಿ, ತೊಳೆದು, ಒಣಗಿಸಿ, ಫಿಲ್ಮಿಗೆ ಒತ್ತಿಟ್ಟು ವಾರಗಟ್ಟಲೆ ಕಾಯುವುದು. ಪಕ್ಕದ ಬಿಲ್ಲೆಗೆ ಅಟ್ರೊಪಿನ್ ಕೂಡ ಹಾಕಬೇಕು. ನಮ್ಮ ಬೇಲಿಯಂಚಿನ ದತ್ತೂರದಲ್ಲಿರುವುದೂ ಇದೇ. ಅದು ಜಾಗವನ್ನೆಲ್ಲ ಮೊದಲೇ ಹಿಡಿದರೆ ಆ ಬಿಲ್ಲೆ ಖಾಲಿ ಬರಬೇಕು. ಡಾರ್ಕ್ ರೂಮಿನಲ್ಲಿ ಮೊದಲ ಫಿಲ್ಮ್ ತೆಗೆದಾಗ ಜೊಲ್ಲುಗ್ರಂಥಿ ಕಪ್ಪಗೆ, ಅದರ ಜೋಡಿ ಬೋಳು. ಅಲ್ಲೇ ಕೂತು ಅತ್ತೆ. ಆದರೆ ಮಿಥೈಲ್ ಸ್ಕೋಪೊಲಮಿನ್ ಐದೂ ವಿಧಕ್ಕೆ ಅಂಟುತ್ತದೆ. ಒಂದೊಂದು ಜೀನ್ ತೆಗೆದ ಇಲಿಗಳನ್ನು ಪಕ್ಕಪಕ್ಕ ಇಟ್ಟು ಕಳೆಯುತ್ತಾ ಹೋಗಬೇಕಾಯಿತು.

ನನ್ನ ಗೈಡ್ ಮೇಡಂ ಕಲಿಸಿದ್ದು ಇನ್ನೊಂದು. ಮೂತ್ರಕೋಶದ ಸ್ನಾಯುವಿನಲ್ಲಿ ಎಂ2 ತುಂಬಾ, ಎಂ3 ಸ್ವಲ್ಪ. ಆದರೂ ಸಂಕುಚಿಸುವ ಕೆಲಸ ಬಹುಪಾಲು ಎಂ3ರದು. ಅಡಿಕೆ ಕೊನೆ ಕೊಯ್ಲಿನ ದಿನ ತೋಟದಲ್ಲಿ ಹತ್ತು ಜನ ಇರುತ್ತಾರೆ, ಮರದ ಮೇಲೆ ಗೊನೆ ಕೊಯ್ಯುವ ಕೊನೆಗೌಡ ಒಬ್ಬನೇ. ತಲೆ ಎಣಿಸಿದರೆ ಅವನು ಕಾಣುವುದೇ ಇಲ್ಲ.

ಪ್ರಬಂಧ ಬರೆದದ್ದು ಕಾರವಾರದ ಚಿಕ್ಕಿ ಮನೆಯಲ್ಲಿ. 2024ರ ಆಗಸ್ಟಿನಲ್ಲಿ ಹಳೆಯ ಕಾಳಿ ಸೇತುವೆ ಕುಸಿದ ರಾತ್ರಿ ಮನೆಯಲ್ಲಿ ಯಾರೂ ಮಲಗಲಿಲ್ಲ, ನನ್ನ ಐದನೇ ಅಧ್ಯಾಯವೂ ಅಲ್ಲಿಗೇ ನಿಂತಿತು. ಮರುತಿಂಗಳು ಝನೊಮೆಲಿನ್–ಟ್ರೋಸ್ಪಿಯಂ ಔಷಧಗಳ ಜೋಡಿಗೆ ಅಮೆರಿಕದಲ್ಲಿ ಸ್ಕಿಜೋಫ್ರೇನಿಯಾ ಎಂಬ ಮಾನಸಿಕ ಕಾಯಿಲೆಗೆ ಒಪ್ಪಿಗೆ ಸಿಕ್ಕಿತು. ಮೊದಲನೆಯದು ಮಿದುಳಿನ ಎಂ1, ಎಂ4 ಗಳನ್ನು ಎಬ್ಬಿಸುತ್ತದೆ. ಎರಡನೆಯದು ಮಿದುಳಿಗೆ ಅಷ್ಟಾಗಿ ಹೋಗದೆ ಹೊರಗಿನ ಮೈಯಲ್ಲಿ ಈ ಗ್ರಾಹಕಗಳನ್ನು ತಡೆಯುತ್ತದೆ. ನಾನು ಸುದ್ದಿ ಓದಿ ಕುಣಿದದ್ದಕ್ಕೆ ಚಿಕ್ಕಿ ಏನೂ ಕೇಳದೆ ಪಾಯಸ ಮಾಡಿದಳು.

ಲ್ಯಾಬ್ ಅಟೆಂಡರ್ ಅಣ್ಣಾ, ಭಾನುವಾರಗಳಲ್ಲೂ ಡಾರ್ಕ್ ರೂಮಿನ ಬೀಗ ತೆಗೆದುಕೊಟ್ಟವರು ನೀವು. ಅಪ್ಪೆಮಿಡಿ ಉಪ್ಪಿನಕಾಯಿ ಪೂರ್ತಿ ನಿಮ್ಮದೇ. ಭರಣಿ ಮಾತ್ರ ಆಯಿಗೆ ವಾಪಸ್ ಬೇಕಂತೆ.