ವೈಫೈ ಬರವಲ್ದು ಅಂದ್ರ ಲ್ಯಾಪ್‌ಟಾಪೇ ಹೋತು ಅಂತಲ್ಲ

ಸಂಪಾದಕರಿಗೆ ನಮಸ್ಕಾರ್ರಿ,

2025ರ ಅಕ್ಟೋಬರ್ 14ಕ್ಕ ವಿಂಡೋಸ್ 10ರ ಸಪೋರ್ಟ್ ಮುಗೀತಲ್ಲ, ಅದಕ್ಕ ಮಗಳ ಹಳೇ ಲ್ಯಾಪ್‌ಟಾಪಿಗೆ ವಿಂಡೋಸ್ ಬದ್ಲಿ ಲಿನಕ್ಸ್ ಅನ್ನೋ ಪುಕ್ಕಟೆ ಆಪರೇಟಿಂಗ್ ಸಿಸ್ಟಂ ಹಾಕಿದ್ವಿ. ಎಲ್ಲಾ ಛಲೋ ನಡೀತು, ವೈಫೈ ಮಾತ್ರ ಕಾಣವಲ್ದು. ರಿಪೇರಿ ಅಂಗಡಿಯವ್ರು ವೈಫೈ ಕಾರ್ಡ್ ಸುಟ್ಟೈತಿ, ಹೊಸಾ ಲ್ಯಾಪ್‌ಟಾಪ್ ತಗೋರಿ ಅಂದ್ಬಿಟ್ರು, ಆಕಿ ಪರೀಕ್ಷೆ ಬ್ಯಾರೆ ಹತ್ರ ಬಂದಿತ್ತು, ರೊಕ್ಕ ಎಲ್ಲಿಂದ ತರೋದು ಅಂತ ರಾತ್ರಿಯೆಲ್ಲಾ ನಿದ್ದಿ ಇಲ್ಲ. ಮರುದಿನ ಇಬ್ರೂ ಕುಂತು ಟರ್ಮಿನಲ್‌ನಾಗ, ಅಂದ್ರ ಕಮಾಂಡ್ ಟೈಪ್ ಮಾಡೋ ಕಿಟಕಿಯೊಳಗ, ಎಲ್‌ಎಸ್‌ಪಿಸಿಐ (lspci, ಒಳಗಿರೋ ಕಾರ್ಡುಗಳ ಪಟ್ಟಿ ತೋರಸೋ ಕಮಾಂಡ್) ಅಂತ ಹೊಡದ್ರ ಕಾರ್ಡಿನ ಹೆಸರು ಬಂತು, ಅಂದ್ರ ಕಾರ್ಡ್ ಜೀವಂತ ಐತಿ, ಆಮ್ಯಾಲ ಡಿಮೆಸ್ಗ್ (dmesg, ಸಿಸ್ಟಂ ಬರದಿಟ್ಟ ಸಂದೇಶ ತೋರಸೋ ಕಮಾಂಡ್) ನೋಡಿದ್ರ ಫರ್ಮ್‌ವೇರ್, ಅಂದ್ರ ಕಾರ್ಡ್ ನಡಸೋ ಸಣ್ಣ ಸಾಫ್ಟ್‌ವೇರ್, ಸಿಗಲಿಲ್ಲ ಅಂತ ಸಾಫ್ ಬರದಿತ್ರಿ! ಮೊಬೈಲ್ ಯುಎಸ್‌ಬಿ ಕೇಬಲ್ಲಿಗೆ ಹಚ್ಚಿ ಟೆದರಿಂಗ್ (ಮೊಬೈಲಿನ ನೆಟ್ ಲ್ಯಾಪ್‌ಟಾಪಿಗೆ ಕೊಡೋದು) ಆನ್ ಮಾಡಿ ಆ ಫರ್ಮ್‌ವೇರ್ ಇಳಿಸಿ ರೀಸ್ಟಾರ್ಟ್ ಹೊಡದ್ವಿ, ವೈಫೈ ಬಂತು. ಒಂದು ರೂಪಾಯಿ ಖರ್ಚಿಲ್ಲ.

ಕೆಲವು ಸಲ ವೈಫೈ ಬಂದ್ ಐತೋ ಇಲ್ಲೋ ತೋರಸೋ ಆರ್‌ಎಫ್‌ಕಿಲ್ (rfkill) ಕಮಾಂಡಿನಾಗ ಸಾಫ್ಟ್ ಬ್ಲಾಕ್, ಅಂದ್ರ ಸಾಫ್ಟ್‌ವೇರ್‌ನಿಂದ ಬಂದ್, ಅಂತ ಇರ್ತೈತಿ, ಅನ್‌ಬ್ಲಾಕ್ ಮಾಡಿದ್ರ ಆತು. ಹಾರ್ಡ್ ಬ್ಲಾಕ್ ಇದ್ರ ಲ್ಯಾಪ್‌ಟಾಪಿನ ವೈಫೈ ಬಟನ್ನೇ ಒತ್ತಬೇಕು. ವೈಫೈ ಕನೆಕ್ಟ್ ಆಗೇತಿ ಖರೆ ಸೈಟ್ ತೆರಿಯವಲ್ದು ಅಂದ್ರ 8.8.8.8ಕ್ಕ (ಗೂಗಲ್‌ನ ಒಂದು ಸರ್ವರ್ ವಿಳಾಸ) ಪಿಂಗ್ ಮಾಡಿ, ಅಂದ್ರ ಉತ್ತರ ಬರತೈತೇನು ಅಂತ ಕಮಾಂಡ್ ಹೊಡದು, ನೋಡ್ರಿ, ಉತ್ತರ ಬಂತಂದ್ರ ಲೈನ್ ಸರಿ ಐತಿ, ಹೆಚ್ಚಾಗಿ ತಪ್ಪಿರೋದು ಸೈಟಿನ ಹೆಸರಿಗೆ ನಂಬರ್ ವಿಳಾಸ ಹುಡುಕಿ ಕೊಡೋ ಡಿಎನ್‌ಎಸ್ ಸೆಟ್ಟಿಂಗಿನಾಗ.

ಇಂಥಾವು ಕನ್ನಡದಾಗ ಓದಾಕ ಸಿಕ್ಕಿದ್ರ ನಮ್ಮ ಐಟಿಐ, ಡಿಪ್ಲೊಮಾ ಹುಡುಗರು ಅಂಗಡಿ ಮಾತು ನಂಬಿ ಛಲೋ ಮಷಿನ್ ಗುಜರಿಗೆ ಹಾಕೂದು ತಪ್ಪತೈತಿ. ನಿಮ್ಮ ಪೇಪರ್‌ನಾಗ ವಾರಕ್ಕೊಂದು ಸಣ್ಣ ಕಾಲಂ ಕೊಡ್ರಿ, ಊರಿನ ಲೈಬ್ರರಿಯವ್ರು ತಿಂಗಳಿಗೊಂದು ಭಾನುವಾರ ಒಂದು ಟೇಬಲ್ ಕೊಟ್ರ ನಾನೇ ಬಂದು ಕುಂದ್ರತೀನಿ.

ಒಬ್ಬ ಓದುಗ, ನವನಗರ, ಬಾಗಲಕೋಟೆ