ಭಿಕ್ಷುಕನಿಗೆ ಕುದುರೆ ಕೊಟ್ಟ ಹಾಡು

ಪ್ರೀತಿಯ ಗೆಳೆಯಾ,

ಹೇಗಿದ್ದೀಯ? ಜೆಥ್ರೊ ಟಲ್ ಅನ್ನುವ ರಾಕ್ ಬ್ಯಾಂಡಿನ ‘ಆಕ್ವಾಲಂಗ್’ ಹಾಡು ಕೇಳಿ ನಿನಗೆ ಬೇಜಾರಾಯಿತು ಅಂದೆಯಲ್ಲ, ಬೀದಿಯಲ್ಲಿ ಬಿದ್ದಿರುವ ಒಬ್ಬ ಮುದುಕನ ಬಗ್ಗೆ ಇಷ್ಟು ಒರಟಾಗಿ ಯಾಕೆ ಹಾಡಬೇಕು ಅಂತ. ಅದು ಫೋನಿನಲ್ಲಿ ಹೇಳಿ ಮುಗಿಸುವ ಮಾತಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಮೊದಲು ಸ್ಕಾಟ್ಲೆಂಡಿನ ಒಂದು ಹಳೇ ಲಾವಣಿಯ ಕಥೆ ಕೇಳು.

ಹಾರ್ನ್ ಅಂತ ಒಬ್ಬ ತರುಣ. ರಾಜನ ಮಗಳು ಅವನಿಗೆ ಮನಸ್ಸು ಕೊಟ್ಟು, ಒಂದು ಉಂಗುರವನ್ನೂ ಕೊಡುತ್ತಾಳೆ. ಉಂಗುರದ ಬಣ್ಣ ಮಾಸಿದರೆ ತಾನು ಬೇರೆಯವರ ಪಾಲಾದೆ ಅಂತ ತಿಳಿದುಕೋ ಅನ್ನುತ್ತಾಳೆ. ದೂರದೇಶದಲ್ಲಿದ್ದಾಗ ಒಂದು ದಿನ ಅದರ ಬಣ್ಣ ಮಾಸುತ್ತದೆ. ಹಾರ್ನ್ ಹಡಗು ಹತ್ತಿ ಬರುತ್ತಾನೆ. ದಾರಿಯಲ್ಲಿ ಸಿಕ್ಕ ಒಬ್ಬ ಮುದುಕ ಭಿಕ್ಷುಕ, ರಾಜಕುಮಾರಿಯ ಮದುವೆ ನಡೀತಿದೆ ಅನ್ನುತ್ತಾನೆ. ನಿನ್ನ ಚಿಂದಿ ಬಟ್ಟೆ ನನಗೆ ಕೊಡು, ನನ್ನ ಕುದುರೆ ನೀನು ತಗೋ ಅಂತ ಹಾರ್ನ್ ಕೇಳುತ್ತಾನೆ. ಮುದುಕ ಒಪ್ಪುವುದಿಲ್ಲ. ನನ್ನ ಚಿಂದಿ ನಿನಗಲ್ಲ, ನಿನ್ನ ಕುದುರೆ ನನಗಲ್ಲ ಅನ್ನುತ್ತಾನೆ. ಆದರೂ ಅದಲುಬದಲು ಆಗಿಯೇ ಬಿಡುತ್ತದೆ. ಹಾರ್ನ್ ಚಿಂದಿ ಉಟ್ಟು ಅರಮನೆಗೆ ಹೋಗಿ, ಮದುಮಗಳ ಕೈಯಿಂದ ಕುಡಿಯಲು ಬೇಡಿ, ಖಾಲಿ ಬಟ್ಟಲಿಗೆ ಆ ಉಂಗುರ ಹಾಕಿ ವಾಪಸ್ ಕೊಡುತ್ತಾನೆ. ನಿನ್ನ ಜೊತೆ ಮನೆ ಮನೆ ತಿರಿದು ತಿನ್ನುತ್ತೇನೆ, ನಡಿ ಅಂತ ಅವಳು ಒಡವೆ ಕಳಚಿಡುತ್ತಾಳೆ. ಅಷ್ಟರಲ್ಲಿ ಚಿಂದಿಯೊಳಗಿಂದ ಇವನ ಚಿನ್ನದ ಉಡುಪು ಹೊಳೆಯುತ್ತದೆ.

ಫ್ರಾನ್ಸಿಸ್ ಜೇಮ್ಸ್ ಚೈಲ್ಡ್ ಅನ್ನುವ ಅಮೆರಿಕದ ಪ್ರೊಫೆಸರ್ 1882ರಿಂದ 1898ರವರೆಗೆ ಅಚ್ಚು ಹಾಕಿಸಿದ 305 ಲಾವಣಿಗಳಲ್ಲಿ ಇದು 17ನೆಯದು. ನಮ್ಮಲ್ಲಿ ಕಿನ್ನರಿ ಜೋಗಿಗಳು ಮನೆ ಮನೆ ತಿರುಗಿ ಹಾಡುವ ಅರ್ಜುನ ಜೋಗಿಯ ಕಥೆ ನಿನಗೂ ನೆನಪಾಗಿರುತ್ತೆ. ಅಲ್ಲೂ ವೀರನೇ ಜೋಗಿಯ ವೇಷ ಹಾಕುತ್ತಾನೆ. ಆದರೆ ಅದನ್ನು ಹಾಡುವವರೇ ಬೇಡಿ ಬದುಕುವವರು. ಆ ವೇಷಕ್ಕೆ ಅವರ ಬಾಯಲ್ಲಿ ಬರುವ ತೂಕವೇ ಬೇರೆ.

ನನ್ನನ್ನು ಕಾಡುವುದು ಹಾರ್ನ್ ಅಲ್ಲ, ಆ ಮುದುಕ. ಕುದುರೆ ಹತ್ತಿದವನು ಎತ್ತ ಹೋದ? ಹಾಡು ಅವನನ್ನು ಅಲ್ಲಿಗೇ ಕೈಬಿಡುತ್ತದೆ. ಆದರೂ ಕುದುರೆಯನ್ನಂತೂ ಕೊಟ್ಟಿತಲ್ಲ! ಇಂಗ್ಲಿಷ್ ಗಾದೆಗಳು ಅಷ್ಟೂ ಕೊಡಲಿಲ್ಲ ಕಣೋ. ಬಯಕೆಗಳೇ ಕುದುರೆಗಳಾಗಿದ್ದರೆ ಭಿಕ್ಷುಕರೂ ಸವಾರಿ ಮಾಡುತ್ತಿದ್ದರು ಅನ್ನುತ್ತದೆ ಒಂದು. ಭಿಕ್ಷುಕನನ್ನು ಕುದುರೆ ಹತ್ತಿಸಿದರೆ ನೇರ ಸೈತಾನನ ಹತ್ತಿರ ಓಡಿಸುತ್ತಾನೆ ಅನ್ನುತ್ತದೆ ಇನ್ನೊಂದು. ಷೇಕ್ಸ್‌ಪಿಯರನ ‘ಆರನೇ ಹೆನ್ರಿ’ ನಾಟಕದಲ್ಲೂ, ಕುದುರೆ ಸಿಕ್ಕ ಭಿಕ್ಷುಕ ಅದು ಸಾಯುವವರೆಗೂ ಓಡಿಸುತ್ತಾನೆ ಅನ್ನುವ ಮಾತಿದೆ. ಭಿಕ್ಷುಕರು ಆರಿಸಿಕೊಳ್ಳಬಾರದು ಅನ್ನುವ ಗಾದೆ 1546ರಲ್ಲೇ ಜಾನ್ ಹೇವುಡ್ ಅನ್ನುವ ಇಂಗ್ಲಿಷ್ ಲೇಖಕನ ಗಾದೆ ಪುಸ್ತಕದಲ್ಲಿ ಅಚ್ಚಾಗಿದೆ. ಇವೆಲ್ಲ ಹೊಟ್ಟೆ ತುಂಬಿದವರ ಬಾಯಿಂದ ಬಂದ ಮಾತು. ಬೇಡಿ ತಿನ್ನುವವನು ಯಾಕೆ ಇಂಥ ಗಾದೆ ಕಟ್ಟುತ್ತಾನೆ?

ಆಗಿನ ಕಾನೂನೂ ಹಾಗೇ ಇತ್ತು. ಇಂಗ್ಲೆಂಡಿನ 1572ರ ಕಾಯ್ದೆ ಪ್ರಕಾರ, ಅನುಮತಿ ಇಲ್ಲದೆ ಬೇಡಿ ಸಿಕ್ಕಿಬಿದ್ದ 14 ವರ್ಷ ದಾಟಿದವರಿಗೆ ಛಡಿ ಏಟು, ಮೇಲೆ ಬಲಗಿವಿಗೆ ಕಾದ ಕಬ್ಬಿಣದಿಂದ ಒಂದು ಇಂಚಿನ ತೂತು. ಹದಿನಾಲ್ಕು ವರ್ಷದ ಹುಡುಗರಪ್ಪಾ! ಓದುವಾಗ ನನ್ನ ಹೊಟ್ಟೆ ಹಿಂಡಿದ ಹಾಗಾಯಿತು.

ಇನ್ನು ರಾಕ್. ರೋಲಿಂಗ್ ಸ್ಟೋನ್ಸ್ ಬ್ಯಾಂಡಿನವರು 1968ರಲ್ಲಿ ‘ಬೆಗ್ಗರ್ಸ್ ಬ್ಯಾಂಕ್ವೆಟ್’, ಅಂದರೆ ಭಿಕ್ಷುಕರ ಔತಣ, ಅನ್ನುವ ಆಲ್ಬಂ ತಂದರು. ಅದರ ಒಳಗಿನ ಫೋಟೋದಲ್ಲಿ ಲಂಡನ್ನಿನ ಒಂದು ದೊಡ್ಡ ಬಂಗಲೆಯಲ್ಲಿ ಐದೂ ಜನ ಔತಣದ ಮೇಜಿನ ಸುತ್ತ ಇದ್ದಾರೆ. ಹಾಡುಗಳು ನನಗೂ ತುಂಬಾ ಇಷ್ಟ. ಆದರೆ ಅಲ್ಲಿ ಭಿಕ್ಷುಕ ಅನ್ನೋದು ಬರೀ ವೇಷ. ಹಾರ್ನ್ ಮಾಡಿದ್ದೇ ಇವರೂ ಮಾಡಿದರು, ಬಟ್ಟೆ ಕೊಟ್ಟ ಮುದುಕ ಮಾತ್ರ ಇಲ್ಲ.

ಆ ಮುದುಕ ಮತ್ತೆ ಕಾಣಿಸಿಕೊಳ್ಳುವುದು 1971ರಲ್ಲಿ, ‘ಆಕ್ವಾಲಂಗ್’ನಲ್ಲಿ. ಜೆಥ್ರೊ ಟಲ್‌ನ ಹಾಡುಗಾರ ಇಯಾನ್ ಆಂಡರ್ಸನ್‌ನ ಆಗಿನ ಹೆಂಡತಿ ಜೆನ್ನಿ, ಥೇಮ್ಸ್ ದಂಡೆಯಲ್ಲಿ ಮನೆಯಿಲ್ಲದವರ ಫೋಟೋ ತೆಗೆದಿದ್ದಳು. ಆ ಫೋಟೋಗಳಿಂದ ಹಾಡು ಹುಟ್ಟಿತು, ಸಾಹಿತ್ಯದಲ್ಲೂ ಅವಳ ಪಾಲಿದೆ. ಆಕ್ವಾಲಂಗ್ ಅಂದರೆ ನೀರಿನಡಿ ಮುಳುಗುವವರ ಉಸಿರಾಟದ ಉಪಕರಣ. ಮುದುಕನ ಗೊರಗೊರ ಉಸಿರಿನಿಂದ ಅವನಿಗೆ ಆ ಹೆಸರು. ಶುರುವಿನ ಗಿಟಾರ್ ಎಷ್ಟು ಕಟುವಾಗಿದೆ ನೋಡು. ಅಲ್ಲಿ ಕಾಣುವ ಮುದುಕ, ದಾರಿಯಲ್ಲಿ ಹೋಗುವ ನಾವು ಅಸಹ್ಯಪಟ್ಟು, ಅನುಮಾನಪಟ್ಟು ನೋಡುವ ಮುದುಕ. ನಿನಗೆ ಚುಚ್ಚಿದ ಒರಟುತನ ನಮ್ಮದೇ. ತಮ್ಮ ಹಾಡು ನಮ್ಮ ಈ ಮುಜುಗರದ ಬಗ್ಗೆಯೇ ಅಂತ ಆಂಡರ್ಸನ್ ಕೂಡ ಹೇಳಿದ್ದಾರೆ. ಆಮೇಲೆ ವಾದ್ಯ ತಗ್ಗುತ್ತದೆ. ಸಿಗರೇಟಿನ ತುಂಡು ಎತ್ತಿಕೊಳ್ಳಲು ಬಗ್ಗಿದವನಿಗೆ ಕಾಲು ನೋಯುತ್ತದೆ. ಪಾದ ಬೆಚ್ಚಗಾಗಲಿ ಅಂತ ಅವನು ಕಕ್ಕಸಿಗೆ ಹೋಗುತ್ತಾನೆ. ಹಾಡು ಅವನನ್ನು ಗೆಳೆಯಾ ಅಂತ ಕರೆಯುತ್ತದೆ. ಇವನ ಚಿಂದಿಯೊಳಗೆ ಚಿನ್ನದ ಉಡುಪಿಲ್ಲ, ಇವನು ಯಾವ ರಾಜಕುಮಾರನೂ ಅಲ್ಲ. ನೋವಿರುವ ಕಾಲಿನ ಒಬ್ಬ ಮನುಷ್ಯ. ನನಗೆ ಈ ಹಾಡು ದೊಡ್ಡದು ಅನ್ನಿಸುವುದು ಇದಕ್ಕೇ.

ಇನ್ನೊಂದು ಸಲ ಕೇಳು, ಆ ಮೆಲ್ಲನೆಯ ಭಾಗಕ್ಕೆ ಕಿವಿಕೊಟ್ಟು. ಲಾವಣಿ ರಾಕ್ ಆಗುವುದು ಹೇಗೆ ಅಂತ ನೋಡಬೇಕಿದ್ದರೆ ಸ್ಟೀಲೈ ಸ್ಪ್ಯಾನ್ ಬ್ಯಾಂಡಿನವರ 1974ರ ‘ನೌ ವಿ ಆರ್ ಸಿಕ್ಸ್’ ಆಲ್ಬಂ ಹಾಕು. ಅದರ ತಯಾರಿಯಲ್ಲಿ ಇದೇ ಆಂಡರ್ಸನ್ ಕೈಜೋಡಿಸಿದ್ದರು. ನಿನ್ನ ಹತ್ತಿರ ಅರ್ಜುನ ಜೋಗಿಯ ಹಾಡಿನ ರೆಕಾರ್ಡಿಂಗ್ ಇದ್ದರೆ ಕಳಿಸು. ಅಮ್ಮನಿಗೆ ನಮಸ್ಕಾರ ತಿಳಿಸು.

ನಿನ್ನ ಗೆಳೆಯ